ದಿಲ್ಲಿಯಿಂದ ಲೇಹ್‌ಗೆ ಎಷ್ಟು ದೂರ?

ಊರು ಎಷ್ಟು ದೂರವೆಂದು ಕೇಳಿದರೆ ನಮ್ಮ ಹಳ್ಳಿಯವರು ಇಷ್ಟು ಹರದಾರಿ ಎನ್ನುವರು. ಇಲ್ಲವೆ, ಹೊತ್ತು ಮುಳುಗುವುದರೊಳಗೆ ಸೇರಬಹುದು ಎನ್ನುವರು. ಎರಡೂ ಸರಿಯಾದ ಲೆಕ್ಕವೇ. ಆದರೆ ಈ ಎರಡು ಲೆಕ್ಕಗಳು ಎಷ್ಟು ಬೇರೆಬೇರೆಯಾಗಬಲ್ಲವೆಂಬುದಕ್ಕೆ ಲಡಾಖಿನ ಲೇಹ್ ಪಟ್ಟಣವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ.

ಭೂಪಟದ ಮೇಲೆ ನೂಲು ಹಿಡಿದು ಅಳೆದರೆ ದಿಲ್ಲಿಗೂ ಲೇಹ್‌ಗೂ ನಡುವೆ ಸುಮಾರು 620 ಕಿಲೊಮೀಟರು, ಎಂದರೆ 385 ಮೈಲಿ. ಮನಾಲಿಯ ಮೇಲೆ ಹೋಗುವ ರಸ್ತೆಯಾದರೋ ಸುಮಾರು 1,000 ಕಿಲೊಮೀಟರು. ಅದು ಹಿಮಾಲಯದ ಕಣಿವೆಗಳನ್ನು ಹತ್ತಿ ಇಳಿಯಬೇಕು. ಅವುಗಳಲ್ಲಿ ತಂಗ್ಲಂಗ್ ಎಂಬುದು 5,000 ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಪ್ರಯಾಣಕ್ಕೆ ಎರಡು ಮೂರು ದಿನ ಬೇಕು. ಚಳಿಗಾಲದಲ್ಲಿ ಹಿಮ ಬಿದ್ದು ಆ ದಾರಿಯೇ ಮುಚ್ಚಿಹೋಗುತ್ತದೆ.

ವಿಮಾನಕ್ಕೆ ಇದೇ ಪ್ರಯಾಣ ಸುಮಾರು ಒಂದೂಕಾಲು ಗಂಟೆಯದು. ಗಂಟೆಗೆ 800 ಕಿಲೊಮೀಟರು ಹಾರುವ ಯಂತ್ರಕ್ಕೆ ಮುಕ್ಕಾಲು ಗಂಟೆ ಸಾಕಲ್ಲವೆ ಎಂದು ನಾವು ಕೇಳಬಹುದು. ಆದರೆ ನೆಲದ ಮೇಲೆ ಸಾಗುವುದಕ್ಕೆ, ಮೇಲೇರುವುದಕ್ಕೆ, ಬೆಟ್ಟಗಳ ನಡುವೆ ವೇಗ ತಗ್ಗಿಸಿ ಇಳಿಯುವುದಕ್ಕೆ ಉಳಿದ ಹೊತ್ತು ಸಲ್ಲುತ್ತದೆ. ಲೇಹ್‌ನ ನಿಲ್ದಾಣವು ಸಮುದ್ರಮಟ್ಟದಿಂದ 3,256 ಮೀಟರು ಮೇಲಿದೆ. ಅಲ್ಲಿ ಗಾಳಿ ತೆಳು. ರೆಕ್ಕೆಗೆ ಆಧಾರ ಕಡಮೆ, ಯಂತ್ರಕ್ಕೆ ಬಲ ಕಡಮೆ. ಬಿಸಿಲೇರಿದಂತೆ ಗಾಳಿ ಇನ್ನೂ ತೆಳುವಾಗುತ್ತದೆ; ಮಧ್ಯಾಹ್ನದ ಮೇಲೆ ಬಿರುಗಾಳಿಯೂ ಏಳುತ್ತದೆ. ಆದುದರಿಂದಲೇ ಅಲ್ಲಿಯ ವಿಮಾನಗಳು ಬಹುಮಟ್ಟಿಗೆ ಬೆಳಗಿನ ಹೊತ್ತೇ ಬಂದು ಹೋಗುತ್ತವೆ.

ಈ ಆಕಾಶಮಾರ್ಗ ತೆರೆದುದು ವಿಹಾರಕ್ಕಾಗಿ ಅಲ್ಲ. 1948ರಲ್ಲಿ ದಾಳಿಕಾರರು ಲೇಹ್‌ನತ್ತ ಸಾಗಿ ಬರುತ್ತಿದ್ದರು; ರಸ್ತೆಯಿಂದ ದಂಡು ಬೇಗ ತಲಪುವಂತಿರಲಿಲ್ಲ. ಎಂಜಿನಿಯರ್ ಸೋನಂ ನೋರ್ಬು ಅವರು ಊರವರ ನೆರವಿನಿಂದ ಅಲ್ಲಿ ಒಂದು ಇಳಿದಾಣವನ್ನು ಸಿದ್ಧಗೊಳಿಸಿದ್ದರು. ಮೇ 24ರಂದು ವಾಯುಪಡೆಯ ಮೆಹರ್ ಸಿಂಗರು ಡಕೋಟಾ ವಿಮಾನವೊಂದನ್ನು ಶ್ರೀನಗರದಿಂದ ಹಾರಿಸಿ ತಂದು ಅಲ್ಲಿ ಇಳಿಸಿದರು. ಅಷ್ಟು ಎತ್ತರದಲ್ಲಿ ಹಾರುವವರಿಗೆ ಬೇಕಾದ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡು ಆ ವಿಮಾನದಲ್ಲಿರಲಿಲ್ಲ. ಅವರೊಡನೆ ಕುಳಿತಿದ್ದವರು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು. ಆ ಬಳಿಕ ಸೈನಿಕರು ಅದೇ ಮಾರ್ಗದಿಂದ ಬಂದಿಳಿದರು, ಪಟ್ಟಣ ಉಳಿಯಿತು.

ಇನ್ನೊಂದು ದೂರವುಂಟು, ಅದು ಮೈಯ ದೂರ. ದಿಲ್ಲಿಯ ಬಯಲಿನಲ್ಲಿ ಉಸಿರಾಡುತ್ತಿದ್ದವರು ಒಂದೂಕಾಲು ಗಂಟೆಯಲ್ಲಿ, ಗಾಳಿಯ ಒತ್ತಡ ಸಮುದ್ರತೀರದ ಮೂರರಲ್ಲಿ ಎರಡು ಪಾಲು ಮಾತ್ರವಿರುವ ಸ್ಥಳಕ್ಕೆ ಬಂದಿಳಿಯುತ್ತೇವೆ. ಯಂತ್ರ ತಲಪಿದರೂ ನಮ್ಮ ರಕ್ತ, ಶ್ವಾಸಕೋಶಗಳು ಇನ್ನೂ ದಾರಿಯಲ್ಲಿಯೇ ಇರುತ್ತವೆ. ತಲೆನೋವು, ವಾಕರಿಕೆ, ನಿದ್ರೆಗೇಡು ಬರಬಹುದು; ಅಲಕ್ಷಿಸಿದರೆ ಪ್ರಾಣಕ್ಕೂ ಸಂಚಕಾರ. ಒಂದೆರಡು ದಿನ ಓಡಾಡದೆ ವಿಶ್ರಮಿಸುವುದೇ ವಿವೇಕ. ವಿಮಾನವು ನಮಗೆ ಎರಡು ದಿನಗಳನ್ನು ಉಳಿಸಿಕೊಡುತ್ತದೆ. ಆ ಎರಡು ದಿನಗಳನ್ನು ನಾವು ಮೈಗೆ ಸಲ್ಲಿಸಿದರೆ ಲೆಕ್ಕ ಸರಿಹೋಗುತ್ತದೆ.