ಕೈಯೊಳಗಣ ಚಲಚ್ಚಿತ್ರ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿರುವ ಹಾರೂಗೇರಿ ಕಬ್ಬಿನ ಸೀಮೆಯ ಪಟ್ಟಣ. ಈ ಸೀಮೆಯ ಊರುಗಳಲ್ಲಿ ಜಾತ್ರೆ ಬಂದಿತೆಂದರೆ ರಾತ್ರಿಯ ಆಟವೂ ಬಂದಂತೆಯೇ. ಕುಲಗೋಡ ತಮ್ಮಣ್ಣನು ರಂಗರೂಪ ಕೊಟ್ಟು ಬೆಳೆಸಿದ ‘ಶ್ರೀಕೃಷ್ಣ ಪಾರಿಜಾತ’ವು ಇಲ್ಲಿಯ ಜನರಿಗೆ ಅಚ್ಚುಮೆಚ್ಚಿನದು. ಪಾರಿಜಾತ ಪುಷ್ಪವು ರುಕ್ಮಿಣಿಯ ಪಾಲಾಯಿತೆಂದು ಮುನಿದ ಸತ್ಯಭಾಮೆಯ ಕಥೆ ಅದು. ಹಿಂದೆ ಈ ಆಟವನ್ನು ನೋಡಬೇಕೆನ್ನುವವರು ರಾತ್ರಿಯಿಡೀ ರಂಗದ ಮುಂದೆ ಕುಳಿತಿರಬೇಕಾಗಿತ್ತು. ತಪ್ಪಿಸಿಕೊಂಡವರು ಮುಂದಿನ ಜಾತ್ರೆಯವರೆಗೆ ಕಾಯಬೇಕಾಗಿತ್ತು. ಇಂದು ಭಾಮೆಯು ರಂಗಕ್ಕೆ ಬಂದೊಡನೆ ಸಭೆಯಲ್ಲಿ ಹತ್ತಾರು ಮೊಬೈಲುಗಳು ಮೇಲೇಳುತ್ತವೆ. ಬೆಳಗಾಗುವುದರೊಳಗೆ ಅದೇ ದೃಶ್ಯವನ್ನು ಪುಣೆಯಲ್ಲಿ ದುಡಿಯುತ್ತಿರುವ ಅಣ್ಣನೂ ಮಿರಜಿಗೆ ಕೊಟ್ಟ ಅಕ್ಕನೂ ನೋಡಿ ಮುಗಿಸಿರುತ್ತಾರೆ.

ಅಂಗೈಯಗಲದ ಯಂತ್ರದೊಳಗೆ ಒಂದು ಇಡೀ ರಂಗವು ಅಡಗುವುದಾದರೂ ಹೇಗೆ? ಅದನ್ನು ತಿಳಿಯಬೇಕಾದರೆ ಮೊದಲು ಸ್ವಲ್ಪ ಲೆಕ್ಕ ಮಾಡಬೇಕು.

ಚಲಚ್ಚಿತ್ರವೆಂಬುದು ವಾಸ್ತವವಾಗಿ ಚಲಿಸುವುದಿಲ್ಲ. ಅದು ಒಂದರ ಬೆನ್ನಿಗೆ ಒಂದರಂತೆ ತೋರಿಸುವ ಸ್ಥಿರಚಿತ್ರಗಳ ಸಾಲು. ಚಿತ್ರಮಂದಿರದ ಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿದ್ದರೆ, ಮೊಬೈಲಿನಲ್ಲಿ ಸಾಮಾನ್ಯವಾಗಿ 30 ಇರುತ್ತವೆ. ಪ್ರತಿ ಚೌಕಟ್ಟೂ ಸಣ್ಣ ಚುಕ್ಕೆಗಳಿಂದಾದುದು. ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಚೌಕಟ್ಟಿನಲ್ಲಿ ಒಟ್ಟು 20,73,600 ಚುಕ್ಕೆಗಳಾಗುತ್ತವೆ. ಪ್ರತಿಯೊಂದು ಚುಕ್ಕೆಯಲ್ಲಿಯೂ ಕೆಂಪು, ಹಸಿರು, ನೀಲಿ ಬಣ್ಣಗಳು ಎಷ್ಟೆಷ್ಟಿವೆಯೆಂದು ಬರೆದಿಡಲು ಮೂರು ಬೈಟುಗಳು ಬೇಕು. ಅಂದಮೇಲೆ ಒಂದು ಚೌಕಟ್ಟಿಗೆ 62,20,800 ಬೈಟು, ಒಂದು ನಿಮಿಷದ ಚಿತ್ರಕ್ಕೆ ಸುಮಾರು 1120 ಕೋಟಿ ಬೈಟು, ಎಂದರೆ 11 ಜಿಬಿಗಿಂತ ಹೆಚ್ಚು! 128 ಜಿಬಿ ಸಾಮರ್ಥ್ಯದ ಮೊಬೈಲು ಹನ್ನೆರಡು ನಿಮಿಷ ತುಂಬುವುದರೊಳಗೆ ತಾನೇ ತುಂಬಿಹೋಗಬೇಕು. ಭಾಮೆಯ ಮುನಿಸು ಅಷ್ಟರಲ್ಲಿ ಆರಂಭವೂ ಆಗಿರುವುದಿಲ್ಲ.

ಆದರೆ ಮೊಬೈಲಿನಲ್ಲಿ ಒಂದು ನಿಮಿಷದ ಅಂತಹ ಚಿತ್ರವು ಸುಮಾರು 130 ಎಂಬಿಯಷ್ಟೇ ಜಾಗವನ್ನು ಹಿಡಿಯುತ್ತದೆ. ಎಂಬತ್ತು ಪಾಲಿಗೂ ಮಿಕ್ಕಿ ಕುಗ್ಗಿದ ಈ ಚಿತ್ರದಲ್ಲಿ ನೋಡುವವನ ಕಣ್ಣಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಇದರ ಗುಟ್ಟು ಯಂತ್ರದಲ್ಲಿರುವಷ್ಟೇ ಮಾನವನ ಕಣ್ಣಿನಲ್ಲಿಯೂ ಇದೆ.

ಕಣ್ಣು ಬೆಳಕಿನ ಏರುಪೇರನ್ನು ಸೂಕ್ಷ್ಮವಾಗಿ ಗ್ರಹಿಸುತ್ತದೆ. ಬಣ್ಣದ ಏರುಪೇರನ್ನು ಅಷ್ಟು ಸೂಕ್ಷ್ಮವಾಗಿ ಗ್ರಹಿಸದು. ಆದುದರಿಂದ ಪ್ರತಿ ಚುಕ್ಕೆಯ ಬೆಳಕನ್ನು ಬೇರೆಬೇರೆಯಾಗಿ ಬರೆದಿಟ್ಟು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗಳಿಗೆ ಒಂದರಂತೆ ಬರೆದರೂ ನಡೆಯುತ್ತದೆ. ಇಷ್ಟರಿಂದಲೇ ಲೆಕ್ಕವು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಉಪಾಯವು ಇನ್ನೂ ಸುಲಭವಾದುದು. ಭಾಮೆಯು ನಿಂತು ಹಾಡುತ್ತಿರುವಾಗ ಅವಳ ಹಿಂದಿನ ಪರದೆಯಾಗಲಿ, ಪಕ್ಕದಲ್ಲಿ ಕುಳಿತ ಹಾರ್ಮೋನಿಯಮ್ಮಿನ ಪೆಟ್ಟಿಗೆಯಾಗಲಿ ಕದಲುವುದಿಲ್ಲ. ಕದಲುವುದು ಅವಳ ಕೈ, ಮುಖ, ಸೆರಗು. ಹೀಗಿರಲು ಸೆಕೆಂಡಿಗೆ ಮೂವತ್ತು ಸಲ ಪರದೆಯನ್ನು ಬರೆದಿಡುವುದೇಕೆ? ಒಂದು ಚೌಕಟ್ಟನ್ನು ಪೂರ್ಣವಾಗಿ ಇರಿಸಿಕೊಂಡು, ಮುಂದಿನವುಗಳಲ್ಲಿ ಏನು ಬದಲಾಯಿತು, ಯಾವ ಭಾಗವು ಎತ್ತ ಸರಿಯಿತು ಎಂಬುದನ್ನು ಮಾತ್ರ ಗುರುತಿಸಿಕೊಂಡರೆ ಸಾಕು. ಕೆಲವೊಮ್ಮೆ ಕೆಟ್ಟ ಕಡತವನ್ನು ಆಡಿಸಿದಾಗ ಮುಖವು ಕಲಸಿದಂತಾಗಿ, ಹಳೆಯ ದೃಶ್ಯದ ಚೂರುಗಳ ಮೇಲೆ ಹೊಸ ದೃಶ್ಯವು ತೆವಳುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಪೂರ್ಣ ಚೌಕಟ್ಟು ಕೈತಪ್ಪಿಹೋಗಿ, ಬದಲಾವಣೆಗಳ ಪಟ್ಟಿಯಷ್ಟೇ ಉಳಿದಾಗ ಹೀಗಾಗುತ್ತದೆ.

ಮೂರನೆಯ ಉಪಾಯವೇ ಎಲ್ಲಕ್ಕಿಂತ ಮುಖ್ಯವಾದುದು. ಅದನ್ನು ಕಂಡುಕೊಂಡವರು ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದವರೆಂಬುದು ಇಲ್ಲಿ ಹಲವರಿಗೆ ತಿಳಿಯದು. ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು, ಹೆಚ್ಚಿನ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಿಂದ 1966ರಲ್ಲಿ ಡಾಕ್ಟರೇಟ್ ಪಡೆದ ಅವರು ಮುಂದೆ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿತ್ರಗಳನ್ನು ಕುಗ್ಗಿಸಲು ಅನುಕೂಲವಾದ ಒಂದು ಗಣಿತ ವಿಧಾನವು ಅವರಿಗೆ ಹೊಳೆದಿತ್ತು. ಅದರ ಅಧ್ಯಯನಕ್ಕೆ ಧನಸಹಾಯ ಬೇಕೆಂದು 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದುಕೊಂಡರು. ಸಹಾಯವು ದೊರೆಯಲಿಲ್ಲ. ಈ ವಿಚಾರವು ತೀರ ಸರಳವಾಗಿ ತೋರುತ್ತದೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅಹಮದ್ ಅವರೇ ಮುಂದೆ ನೆನೆದಿದ್ದಾರೆ. ಸರಳವಾದುದು ಅಲ್ಪವೆಂದು ತೋರುವುದು ವಿದ್ವಾಂಸರಲ್ಲಿಯೂ ಅಪರೂಪವಲ್ಲ. ಆದರೂ ಅವರು ಕೈಬಿಡಲಿಲ್ಲ. 1973ರ ಬೇಸಗೆಯನ್ನೆಲ್ಲ ಈ ಕೆಲಸಕ್ಕೇ ಮೀಸಲಿಟ್ಟರು. ಅವರ ಶಿಷ್ಯರಾದ ಟಿ. ನಟರಾಜನ್ ಹಾಗೂ ಸ್ನೇಹಿತರಾದ ಕೆ. ಆರ್. ರಾವ್ ಜೊತೆಗೂಡಿದರು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಪ್ರಕಟವಾದ ಲೇಖನವು ನಾಲ್ಕೇ ಪುಟಗಳದು. ಅದರಲ್ಲಿ ವಿವರಿಸಿದ ವಿಧಾನಕ್ಕೆ ವಿವಿಕ್ತ ಕೊಸೈನ್ ಪರಿವರ್ತನೆ ಎಂದು ಹೆಸರು.

ಹೆಸರನ್ನು ಕೇಳಿ ಹೆದರಬೇಕಾಗಿಲ್ಲ. ಕೊಸೈನ್ ಎಂಬುದು ಮುಂದಿನ ತರಗತಿಯ ತ್ರಿಕೋನಮಿತಿಯಲ್ಲಿ ಬರುವ ಮಾತು. ಇಲ್ಲಿ ಅದನ್ನು ಕ್ರಮವಾಗಿ ಏರಿಳಿಯುವ ಅಲೆ ಎಂದು ತಿಳಿದರೆ ಸಾಕು. ಚೌಕಟ್ಟನ್ನು ಅಡ್ಡಲಾಗಿ ಎಂಟು, ಉದ್ದಕ್ಕೆ ಎಂಟು ಚುಕ್ಕೆಗಳಿರುವ ಸಣ್ಣ ಮನೆಗಳಾಗಿ ವಿಭಾಗಿಸಲಾಗುತ್ತದೆ. ಒಂದು ಮನೆಯಲ್ಲಿ 64 ಚುಕ್ಕೆಗಳು. ಅವುಗಳ ಬೆಳಕನ್ನು ಹೇಳುವ 64 ಸಂಖ್ಯೆಗಳು. ಆ 64 ಸಂಖ್ಯೆಗಳನ್ನು ಬೇರೆ 64 ಸಂಖ್ಯೆಗಳಾಗಿ ಮಾರ್ಪಡಿಸುವುದೇ ಈ ಪರಿವರ್ತನೆ. ಹೊಸ ಸಂಖ್ಯೆಗಳಲ್ಲಿ ಮೊದಲನೆಯದು ಇಡೀ ಮನೆಯ ಸರಾಸರಿ ಬೆಳಕನ್ನು ತಿಳಿಸುತ್ತದೆ. ಅದರ ಮುಂದಿನವು ಮನೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಬೆಳಕು ಮೆಲ್ಲನೆ ಏರಿಳಿಯುವುದನ್ನೂ, ಕೊನೆಯವು ಚುಕ್ಕೆಯಿಂದ ಚುಕ್ಕೆಗೆ ಥಟ್ಟನೆ ಬದಲಾಗುವುದನ್ನೂ ತಿಳಿಸುತ್ತವೆ. ಭಾಮೆಯ ಹಿಂದಿರುವ ನೀಲಿ ಪರದೆಯ ಒಂದು ಮನೆಯನ್ನು ತೆಗೆದುಕೊಂಡರೆ, ಅಲ್ಲಿ 64 ಚುಕ್ಕೆಗಳೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಮೊದಲ ಸಂಖ್ಯೆಯೊಂದೇ ಸಾಕಾಗುತ್ತದೆ. ಉಳಿದ 63 ಸೊನ್ನೆಗೆ ಸಮೀಪವಾಗಿರುತ್ತವೆ. ಅವಳ ಜಡೆಯ ಹೂವಿನ ಮೇಲೆ ಬಿದ್ದ ಮನೆಯಲ್ಲಾದರೆ ಕೊನೆಯ ಸಂಖ್ಯೆಗಳೂ ದೊಡ್ಡವಾಗಿರುತ್ತವೆ.

ಇಷ್ಟರವರೆಗೆ ಏನೂ ನಷ್ಟವಾಗಿಲ್ಲ ಎಂಬುದನ್ನು ಗಮನಿಸಬೇಕು. ಹೊಸ ಸಂಖ್ಯೆಗಳಿಂದ ಹಳೆಯ ಸಂಖ್ಯೆಗಳನ್ನು ಮರಳಿ ಪಡೆಯಬಹುದು. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಕಿರಾಣಿ ಅಂಗಡಿಯವನು ಪೈಸೆಗಳನ್ನು ಬಿಟ್ಟು ರೂಪಾಯಿಗೆ ಲೆಕ್ಕ ಸರಿಮಾಡುವಂತೆ, ಯಂತ್ರವು ಈ ಸಂಖ್ಯೆಗಳನ್ನು ಸ್ಥೂಲವಾಗಿ ಸರಿಮಾಡುತ್ತದೆ. ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮ ಏರಿಳಿತಗಳನ್ನು ಹೇಳುವ ಸಂಖ್ಯೆಗಳಲ್ಲಿ ಬಹುಪಾಲು ಸೊನ್ನೆಯಾಗುತ್ತವೆ. ಸಾಲುಸಾಲಾದ ಸೊನ್ನೆಗಳನ್ನು ಬರೆದಿಡಲು ಎಷ್ಟು ಜಾಗ ಬೇಕು? ‘ಇಲ್ಲಿಂದ ಮುಂದೆಲ್ಲ ಸೊನ್ನೆ’ ಎಂದರೆ ಮುಗಿಯಿತು.

1988ರಲ್ಲಿ ದೂರದಿಂದ ಮುಖ ನೋಡಿ ಮಾತನಾಡುವ ಸೌಲಭ್ಯಕ್ಕಾಗಿ ರೂಪುಗೊಂಡ ಎಚ್.261 ಎಂಬ ಕ್ರಮವು ಈ ವಿಧಾನವನ್ನೇ ಅವಲಂಬಿಸಿತು. 1992ರಲ್ಲಿ ಬಂದ ಸ್ಥಿರಚಿತ್ರಗಳ ಜೆಪೆಗ್ ಕ್ರಮವೂ ಅಂತೆಯೇ. ಇಂದು ಮೊಬೈಲುಗಳಲ್ಲಿ ಎಲ್ಲೆಡೆ ಬಳಕೆಯಲ್ಲಿರುವ, 2003ರಲ್ಲಿ ಸಿದ್ಧವಾದ ಎಚ್.264 ಕೂಡ ಇದರದೇ ಪೂರ್ಣಾಂಕ ರೂಪವನ್ನು ಬಳಸುತ್ತದೆ. ತೀರ ಸರಳವೆನಿಸಿದ ವಿಚಾರವು ಹೀಗೆ ಜಗತ್ತಿನ ಕೈಕೈಗಳಲ್ಲಿ ನೆಲೆಸಿತು.

ಇನ್ನು ಒಂದು ಮೊಬೈಲಿನಲ್ಲಿ ಆಡುವ ಚಿತ್ರವು ಇನ್ನೊಂದರಲ್ಲಿ ಆಡದಿರುವುದೇಕೆ ಎಂಬ ಪ್ರಶ್ನೆ. ಹೊಲಕ್ಕೆ ಒಯ್ಯುವ ಬುತ್ತಿಯ ಡಬ್ಬಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಡಬ್ಬಿಯ ಒಂದು ಖಾನೆಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಪಲ್ಯ. ಅದರಂತೆ ವೀಡಿಯೊ ಕಡತವೂ ಒಂದು ಡಬ್ಬಿ. ಅದರ ಒಂದು ಭಾಗದಲ್ಲಿ ಚಿತ್ರ, ಇನ್ನೊಂದರಲ್ಲಿ ಧ್ವನಿ, ಇವೆರಡನ್ನೂ ಹೊಂದಿಸುವ ಸಮಯದ ಗುರುತುಗಳು ಬೇರೆ. ಕಡತದ ಹೆಸರಿನ ಕೊನೆಗಿರುವ ಎಂಪಿ4, 3ಜಿಪಿ, ಎಂಕೆವಿ ಮುಂತಾದವು ಡಬ್ಬಿಯ ಹೆಸರುಗಳೇ ಹೊರತು ಒಳಗಿನ ಅಡುಗೆಯ ಹೆಸರುಗಳಲ್ಲ. ಒಳಗಿರುವ ಚಿತ್ರವು ಎಚ್.264 ಕ್ರಮದ್ದಿರಬಹುದು, 2013ರಲ್ಲಿ ಬಂದ ಎಚ್.265 ಕ್ರಮದ್ದಿರಬಹುದು. ಹಳೆಯ ಮೊಬೈಲಿನ ಯಂತ್ರಾಂಶಕ್ಕೆ ಹೊಸ ಕ್ರಮವನ್ನು ಬಿಡಿಸುವ ವಿದ್ಯೆ ತಿಳಿದಿರುವುದಿಲ್ಲ. ಧ್ವನಿ ಮಾತ್ರ ಕೇಳಿಸಿ ಚಿತ್ರವು ಕಪ್ಪಾಗಿ ಉಳಿಯುವುದು ಇದರಿಂದಲೇ. ಇಂತಹ ಸಮಯದಲ್ಲಿ ಕಡತದ ಹೆಸರನ್ನಷ್ಟೇ ತಿದ್ದುವುದು ಡಬ್ಬಿಯ ಮೇಲಿನ ಚೀಟಿಯನ್ನು ಬದಲಿಸಿದಂತೆ ನಿಷ್ಫಲ.

ಆಗ ಎರಡು ದಾರಿಗಳಿವೆ. ಹಲವು ಕ್ರಮಗಳನ್ನು ಬಲ್ಲ ಪ್ಲೇಯರ್ ಒಂದನ್ನು ಮೊಬೈಲಿಗೆ ಹಾಕಿಕೊಳ್ಳುವುದು ಮೊದಲನೆಯದು. ಪ್ಯಾರಿಸಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸದಿಂದ ಬೆಳೆದ ವಿಎಲ್‌ಸಿ ಎಂಬ ಪ್ಲೇಯರ್ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಎರಡನೆಯದು ಕಡತವನ್ನೇ ಪರಿವರ್ತಿಸುವುದು. ಇದರಲ್ಲಿಯೂ ಎರಡು ಬಗೆ. ಅಡುಗೆಯನ್ನು ಮುಟ್ಟದೆ ಡಬ್ಬಿಯನ್ನು ಮಾತ್ರ ಬದಲಿಸಿದರೆ ಕೆಲವೇ ಕ್ಷಣಗಳಲ್ಲಿ ಕೆಲಸವಾಗುತ್ತದೆ. ಚಿತ್ರಕ್ಕೆ ಕಿಂಚಿತ್ತೂ ಹಾನಿಯಿಲ್ಲ. ಅಡುಗೆಯನ್ನೇ ಬದಲಿಸಬೇಕಾದರೆ ಯಂತ್ರವು ಪ್ರತಿ ಚೌಕಟ್ಟನ್ನೂ ಬಿಡಿಸಿ, ಹೊಸ ಕ್ರಮದಲ್ಲಿ ಮತ್ತೆ ಕುಗ್ಗಿಸಬೇಕು. ಮೊಬೈಲು ಬಿಸಿಯಾಗುವುದು, ಬ್ಯಾಟರಿ ಇಳಿಯುವುದು ಈ ದುಡಿಮೆಯಿಂದ. ಆಗ ಸೆಕೆಂಡಿಗೆ ಎಷ್ಟು ಬಿಟ್ಟುಗಳೆಂಬುದನ್ನು ಬಳಸುವವನು ನಿಗದಿಪಡಿಸಬಹುದು. ಸೆಕೆಂಡಿಗೆ 20 ಲಕ್ಷ ಬಿಟ್ಟುಗಳೆಂದರೆ ನಿಮಿಷಕ್ಕೆ 12 ಕೋಟಿ ಬಿಟ್ಟು. ಎಂಟು ಬಿಟ್ಟುಗಳಿಗೆ ಒಂದು ಬೈಟಾದುದರಿಂದ 15 ಎಂಬಿ. ನಿಂತು ಮಾತನಾಡುವ ದೃಶ್ಯಕ್ಕೆ ಇಷ್ಟು ಸಾಕಾಗಬಹುದು. ಕುಣಿತದ ದೃಶ್ಯದಲ್ಲಿ ಬದಲಾಗುವ ಭಾಗವು ಹೆಚ್ಚಾದುದರಿಂದ ಮನೆಮನೆಯಾದ ಚೌಕಗಳು ಎದ್ದು ಕಾಣತೊಡಗುತ್ತವೆ.

ಈ ಪರಿವರ್ತನೆಯು ಹಿಂದಿರುಗಿ ಬಾರದ ದಾರಿಯೆಂಬುದನ್ನು ಕಬ್ಬು ಬೆಳೆಯುವ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಣದಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುತ್ತದೆ. ಬೆಲ್ಲವನ್ನು ನೀರಿನಲ್ಲಿ ಕದಡಿದರೆ ಪಾನಕವಾದೀತೇ ಹೊರತು ಕಬ್ಬಿನ ಹಾಲು ಮರಳದು. ಮೊಬೈಲು ಸೆರೆಹಿಡಿದ ಚಿತ್ರವು ಆಗಲೇ ಒಮ್ಮೆ ಕುಗ್ಗಿದುದು. ಅದನ್ನು ವಾಟ್ಸಾಪಿನಲ್ಲಿ ವೀಡಿಯೊ ಆಗಿ ಏರಿಸಿದಾಗ ಮತ್ತೊಮ್ಮೆ ಕುಗ್ಗುತ್ತದೆ. ಪಡೆದವನು ಕತ್ತರಿಸಿ, ಹೆಸರು ಸೇರಿಸಿ ಹೊಸದಾಗಿ ಏರಿಸಿದರೆ ಮಗುದೊಮ್ಮೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗಾಗದು. ಕಡತವು ಇದ್ದಂತೆಯೇ ತಲಪುತ್ತದೆ.

2000ದ ದಶಕದ ಕೊನೆಯ ವರ್ಷಗಳಲ್ಲಿ ಹಾರೂಗೇರಿಯಂತಹ ಪೇಟೆಯ ಊರುಗಳ ಮೊಬೈಲು ಅಂಗಡಿಗಳಲ್ಲಿ ಕೆಲವು ರೂಪಾಯಿಗಳಿಗೆ ಮೆಮೊರಿ ಕಾರ್ಡು ತುಂಬಿಸಿಕೊಡುತ್ತಿದ್ದರು. 352×288 ಚುಕ್ಕೆಗಳ ವಿಸಿಡಿಯ ಚಿತ್ರಗಳು ಅಲ್ಲಿ 176×144 ಚುಕ್ಕೆಗಳ 3ಜಿಪಿ ಕಡತಗಳಾಗುತ್ತಿದ್ದವು. ನಾಲ್ಕು ಚುಕ್ಕೆಗಳ ಜಾಗದಲ್ಲಿ ಒಂದೇ ಉಳಿಯುತ್ತಿತ್ತು. ಅಂದಿನ ಅನೇಕ ಮೊಬೈಲುಗಳ ಕ್ಯಾಮೆರಾಗಳೂ ಅಷ್ಟೇ ಚುಕ್ಕೆಗಳಲ್ಲಿ ಚಿತ್ರ ಹಿಡಿಯುತ್ತಿದ್ದವು. ಧ್ವನಿಯ ಪಾಡು ಇನ್ನೂ ಕಷ್ಟದ್ದು. ಅವುಗಳಲ್ಲಿ ಸಾಮಾನ್ಯವಾಗಿದ್ದ ಎಎಂಆರ್ ಎಂಬ ಕ್ರಮವು ದೂರವಾಣಿಯ ಮಾತಿಗಾಗಿ ರಚಿತವಾದುದು. 3400 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಅದು ಬಿಟ್ಟುಬಿಡುತ್ತದೆ. ಭಾಮೆಯ ಮಾತು ಅರ್ಥವಾಗುತ್ತದೆ. ತಾಳದ ಝಣತ್ಕಾರ ಮಾತ್ರ ತಗಡು ಬಡಿದಂತಾಗುತ್ತದೆ.

ಅಂದು ಹಿಡಿದ ಆಟಗಳಲ್ಲಿ ಪಾತ್ರ ವಹಿಸಿದ ಹಿರಿಯರಲ್ಲಿ ಎಷ್ಟೋ ಮಂದಿ ಇಂದಿಲ್ಲ. ಕೆಲವು ಮನೆಗಳಲ್ಲಿ ಅವರ ಕುಣಿತಕ್ಕೂ ಹಾಡಿಗೂ ಆ 3ಜಿಪಿ ಕಡತವೇ ಮೂಲ. ಇಂದಿನ ದೊಡ್ಡ ಪರದೆಯಲ್ಲಿ ಅದನ್ನು ಆಡಿಸಿದರೆ ಹಳೆಯ ಒಂದು ಚುಕ್ಕೆಯು ಸುಮಾರು 80 ಹೊಸ ಚುಕ್ಕೆಗಳ ಮೇಲೆ ಹರಡಿಕೊಳ್ಳಬೇಕಾಗುತ್ತದೆ. ಈಗಿನ ಕೆಲವು ತಂತ್ರಾಂಶಗಳು ನಡುವಿನ ಜಾಗವನ್ನು ಊಹೆಯಿಂದ ತುಂಬಿ, ಮುಖವನ್ನು ತಿದ್ದಿ ತೀಡಿ ತೋರಿಸುತ್ತವೆ. ಆ ಹೊಳಪು ತಂತ್ರಾಂಶದ್ದೇ ಹೊರತು ಅಂದಿನ ಭಾಮೆಯದಲ್ಲ. ಆದುದರಿಂದ ಹಳೆಯ ಕಾರ್ಡು ಕೈಗೆ ಸಿಕ್ಕಿದಾಗ ಮೊದಲು ಮಾಡಬೇಕಾದ ಕೆಲಸ ಪರಿವರ್ತನೆಯಲ್ಲ, ನಕಲು. ನಕಲಿನಲ್ಲಿ ಒಂದು ಬಿಟ್ಟೂ ಬದಲಾಗುವುದಿಲ್ಲ. ಕಾರ್ಡುಗಳೂ ಕಾಲಾಂತರದಲ್ಲಿ ಕೆಡುವುದರಿಂದ ಎರಡು ಬೇರೆ ಬೇರೆ ಕಡೆಗಳಲ್ಲಿ ಅಂತಹ ನಕಲನ್ನಿಟ್ಟು, ಮೂಲದ ಹೆಸರಿನ ಜೊತೆಗೆ ಊರು, ವರ್ಷ, ಪಾತ್ರಧಾರಿಗಳ ಹೆಸರುಗಳನ್ನು ಬರೆದಿಟ್ಟ ಮೇಲೆ, ಮೊಬೈಲಿನಲ್ಲಿ ನೋಡುವುದಕ್ಕೆಂದು ಬೇಕಾದ ರೂಪಕ್ಕೆ ಪರಿವರ್ತಿಸಿಕೊಳ್ಳಬಹುದು.