ಕನ್ನಡಿ ಕೈ ಕೊಟ್ಟಿತು, ಅಳತೆ ಕೈ ಹಿಡಿಯಿತು!

ಅಂಗಡಿ ಇಟ್ಟವರಿಗೆ ಒಂದು ಪ್ರಶ್ನೆ. ನಿಮ್ಮ ತಕ್ಕಡಿಯ ಒಂದು ತಟ್ಟೆ 20 ಗ್ರಾಂ ಹೆಚ್ಚು ಭಾರ ಅಂತಿಟ್ಟುಕೊಳ್ಳಿ. ತಕ್ಕಡಿ ಬಿಸಾಕ್ತೀರಾ? ಇಲ್ಲ. ಆಚೆ ತಟ್ಟೆಗೆ 20 ಗ್ರಾಂ ಕಟ್ಟಿ ಸರಿದೂಗಿಸ್ತೀರಿ. ತೂಕ-ಅಳತೆ ಇಲಾಖೆಯವರು ಒಪ್ಪಲಿಕ್ಕಿಲ್ಲ, ಆ ಮಾತು ಬೇರೆ! ಆದರೆ ವ್ಯತ್ಯಾಸ ಇಷ್ಟೇ ಅಂತ ಗೊತ್ತಿದ್ದರೆ ತಾನೆ ಕಟ್ಟೋದು? ಗೊತ್ತಿಲ್ಲದಿದ್ದರೆ ಗಿರಾಕಿಗೆ ಮೋಸ, ಇಲ್ಲವೇ ನಿಮಗೆ ನಷ್ಟ.

ಇದೇ ತಕ್ಕಡಿ ಲೆಕ್ಕ ಆಕಾಶದಲ್ಲಿ 150 ಕೋಟಿ ಡಾಲರಿನ ಮಾನ ಉಳಿಸಿದ ಕಥೆ ಕೇಳಿ.

1990ರ ಏಪ್ರಿಲ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆ ಹಬಲ್ ದೂರದರ್ಶಕವನ್ನು ಬಾಹ್ಯಾಕಾಶಕ್ಕೆ ಏರಿಸಿತು. ಅದರ ಮುಖ್ಯ ಕನ್ನಡಿ 2.4 ಮೀಟರ್ ಅಗಲ. ಎರಡು ತಿಂಗಳಲ್ಲಿ ಗುಟ್ಟು ರಟ್ಟಾಯಿತು. ನಕ್ಷತ್ರದ ಬೆಳಕಿನಲ್ಲಿ ನೂರಕ್ಕೆ 70 ಪಾಲು ಒಂದು ಚುಕ್ಕೆಗೆ ಬಂದು ಕೂಡಬೇಕಿತ್ತು. ಕೂಡಿದ್ದು ಸುಮಾರು 15 ಪಾಲು. ಉಳಿದದ್ದೆಲ್ಲ ಸುತ್ತ ಚೆಲ್ಲಾಪಿಲ್ಲಿ!

ಕಾರಣ? ಕನ್ನಡಿಯ ಅಂಚು 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆ. ತಲೆಕೂದಲಿನ ದಪ್ಪವನ್ನು ಐವತ್ತು ಪಾಲು ಮಾಡಿದರೆ ಸುಮಾರು ಅದರಲ್ಲೊಂದು ಪಾಲು. ಹಾಗಂತ ಕೆಲಸದವರು ಉಜ್ಜೋದರಲ್ಲಿ ಸೋಮಾರಿತನ ಮಾಡಲಿಲ್ಲ. ಬಲು ನುಣುಪಾಗಿಯೇ ಉಜ್ಜಿದ್ದರು. ತಪ್ಪು ಆಕಾರಕ್ಕೆ ಉಜ್ಜಿದ್ದರು, ಅಷ್ಟೆ!

ತಪ್ಪಿದ್ದದ್ದು ಅಳೆಯುವ ಉಪಕರಣದಲ್ಲಿ. ಡ್ಯಾನ್‌ಬರಿ ಊರಿನ ಪರ್ಕಿನ್-ಎಲ್ಮರ್ ಕಾರ್ಖಾನೆಯಲ್ಲಿ ಆ ಉಪಕರಣದ ಒಂದು ಮಸೂರ 1.3 ಮಿಲಿಮೀಟರ್ ಜರುಗಿ ಕೂತಿತ್ತು. ಬೇರೆ ಎರಡು ಪರೀಕ್ಷೆ "ಏನೋ ಸರಿಯಿಲ್ಲ" ಅಂತ ಸುಳಿವು ಕೊಟ್ಟಿದ್ದವು. "ಅವು ಅಷ್ಟು ನಿಖರವಲ್ಲ" ಎಂದು ಅವನ್ನು ಬದಿಗೆ ಸರಿಸಿದ್ದರು. ಒಂದೇ ತಕ್ಕಡಿ ನಂಬಿ ಕೂತರೆ ಹೀಗೇ ಸ್ವಾಮಿ!

ಪುಣ್ಯಕ್ಕೆ ಆ ಉಪಕರಣ ಕಾರ್ಖಾನೆಯಲ್ಲಿ ಹಾಗೇ ಉಳಿದಿತ್ತು. ತನಿಖೆಯವರು ಅದನ್ನು ಅಳೆದರು. ಇತ್ತ ಬೇರೆಯವರು ಹಬಲ್ ಕಳಿಸಿದ ಮಸುಕು ಚಿತ್ರಗಳಿಂದಲೇ ತಪ್ಪನ್ನು ಲೆಕ್ಕ ಹಾಕಿದರು. ದಾರಿ ಎರಡು, ಉತ್ತರ ಹೆಚ್ಚುಕಮ್ಮಿ ಒಂದೇ. ಕನ್ನಡಿಯ ಆಕಾರ ಹೇಳುವ ಅಂಕಿ -1.0023 ಇರಬೇಕಿತ್ತು, ನಿಜವಾಗಿ ಇದ್ದದ್ದು -1.0139ರ ಆಸುಪಾಸು.

ಮುಂದಿನದೇ ಸ್ವಾರಸ್ಯ. ಮಸೂರ-ಕನ್ನಡಿಗಳ ವಿನ್ಯಾಸಕ್ಕೆ ಕಂಪ್ಯೂಟರ್ ಸಾಫ್ಟ್‌ವೇರ್ ಇದೆ. ಅದರೊಳಗೆ ಬೆಳಕಿನ ಕಿರಣಗಳನ್ನು ಒಂದೊಂದಾಗಿ ಓಡಿಸಿ, ಎಲ್ಲಿ ಹೋಗಿ ಬೀಳುತ್ತವೆ ನೋಡ್ತಾರೆ. ಸಾಮಾನ್ಯವಾಗಿ ಅಲ್ಲಿರೋದು ಕಾಗದದ ಮೇಲಿನ ಚೊಕ್ಕ ಮಸೂರ. ಉಜ್ಜಿ ಮುಗಿಸಿದ ಅಸಲಿ ಮಸೂರದಲ್ಲಿ ಉಬ್ಬು-ತಗ್ಗು ಇದ್ದೇ ಇರುತ್ತೆ. ಅದನ್ನು ಅಳೆದು, ಎಲ್ಲೆಲ್ಲಿ ಎಷ್ಟೆಷ್ಟು ಎಂಬ ನಕ್ಷೆಯನ್ನು ಸಾಫ್ಟ್‌ವೇರ್‌ಗೆ ಉಣಿಸಿದರೆ ಅಸಲಿ ಮಾಲಿನ ಗತಿ ಮೊದಲೇ ಗೊತ್ತಾಗುತ್ತೆ. ಉಳಿದ ಮಸೂರಗಳನ್ನು ಅದಕ್ಕೆ ಸರಿಯಾಗಿ ತಿದ್ದಬಹುದು.

ಆದರೆ ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಉಬ್ಬನ್ನು ತಗ್ಗು ಅಂತ ಬರೆದರೆ ತಪ್ಪು ಕಳೆಯೋದಿಲ್ಲ, ಇಮ್ಮಡಿ ಆಗುತ್ತೆ. ಭಾರದ ತಟ್ಟೆಗೇ ಮತ್ತೆ 20 ಗ್ರಾಂ ಕಟ್ಟಿದ ಹಾಗೆ! ನಕ್ಷೆಯ ತಲೆ-ಬುಡ ತಿರುವುಮುರುವಾದರೂ ಕೆಲಸ ಕೆಟ್ಟಿತು. ಇನ್ನೂ ಒಂದು ತೊಡಕು: ಕನ್ನಡಿಯ ಮೇಲೆ 1 ಮೈಕ್ರಾನ್ ತಪ್ಪಿದ್ದರೆ, ಬೆಳಕು ಹೋಗಿ ಬರುವುದರಿಂದ ಅದರ ದಾರಿಯಲ್ಲಿ 2 ಮೈಕ್ರಾನ್ ವ್ಯತ್ಯಾಸ. ಯಾವ ಅಂಕಿ ಕೊಟ್ಟಿದ್ದೇವೆ ಅಂತ ತಿಳಿದೇ ಕೊಡಬೇಕು.

ಹಬಲ್‌ಗೂ ಆದದ್ದು ಇದೇ ಮದ್ದು. ದೊಡ್ಡ ಕನ್ನಡಿ ಬದಲಿಸುವ ಹಾಗಿಲ್ಲ. ಅದಕ್ಕೇ ನಾಣ್ಯದಷ್ಟು ಪುಟ್ಟ ಕನ್ನಡಿಗಳಲ್ಲಿ ಬೇಕೆಂದೇ ಅಷ್ಟೇ ಅಳತೆಯ ಉಲ್ಟಾ ತಪ್ಪು ಕೆತ್ತಿದರು. ಆ ಕನ್ನಡಿಗಳನ್ನು ಬೆಳಕಿನ ದಾರಿಗೆ ಒಡ್ಡೋದು ಹೇಗೆ? ಜೇಮ್ಸ್ ಕ್ರಾಕರ್ ಎಂಬ ಎಂಜಿನಿಯರ್‌ಗೆ ಅದು ಹೊಳೆದದ್ದು ಜರ್ಮನಿಯ ಹೋಟೆಲಿನ ಬಚ್ಚಲಲ್ಲಿ, ಮೇಲೆ ಕೆಳಗೆ ಸರಿಯುವ ಷವರ್ ನೋಡಿ!

1993ರ ಡಿಸೆಂಬರ್‌ನಲ್ಲಿ ಎಂಡೆವರ್ ನೌಕೆಯಲ್ಲಿ ಹೋದ ಗಗನಯಾತ್ರಿಗಳು ಐದು ಸಲ ಹೊರಗಿಳಿದು ರಿಪೇರಿ ಮುಗಿಸಿದರು. ಅದರಲ್ಲೇ ಕಾಸ್ಟಾರ್ ಎಂಬ ಈ 'ಕನ್ನಡಕ' ಮತ್ತು ಒಂದು ಹೊಸ ಕ್ಯಾಮೆರಾ ಕೂತವು. 1994ರ ಜನವರಿಯಲ್ಲಿ ಬಂದ ಚಿತ್ರಗಳು ನಿಚ್ಚಳ! ಮುಂದೆ ಬಂದ ಉಪಕರಣಗಳಿಗೆಲ್ಲ ಹುಟ್ಟುವಾಗಲೇ ಈ ತಿದ್ದುಪಡಿ ಸೇರಿಸಿದ್ದರಿಂದ, 2009ರಲ್ಲಿ ಕಾಸ್ಟಾರ್ ಕೆಳಗಿಳಿದು ವಸ್ತುಸಂಗ್ರಹಾಲಯ ಸೇರಿತು. ಸೊಟ್ಟ ಕನ್ನಡಿ ಮಾತ್ರ ಅಲ್ಲೇ ಉಳಿಯಿತು. ಚಿತ್ರ ಕೊಟ್ಟಿದ್ದೂ ಅದೇ.

ತಪ್ಪು ಮಾಡದವರು ಯಾರಿದ್ದಾರೆ? ಅಳೆದು ಬರೆದಿಟ್ಟ ತಪ್ಪು ಒಂದು ಲೆಕ್ಕ. ಮುಚ್ಚಿಟ್ಟದ್ದು ಸಾಲ, ಬಡ್ಡಿ ಸಮೇತ ಬಾಗಿಲಿಗೆ ಬರುತ್ತೆ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಬರಿ ತಕ್ಕಡಿಯನ್ನೊಮ್ಮೆ ಎತ್ತಿ ನೋಡಿ!