ಪಿತ್ತಾಮ್ಲ, ಬ್ಯಾಕ್ಟೀರಿಯ ಮತ್ತು ಜಠರದ ಕ್ಯಾನ್ಸರ್: ಒಂದು ವಿವೇಚನೆ

‘ಪಿತ್ತ ನೆತ್ತಿಗೇರಿತು’ ಎಂಬ ನುಡಿಗಟ್ಟು ಕನ್ನಡಿಗರೆಲ್ಲರಿಗೂ ಪರಿಚಿತ. ಈ ಪಿತ್ತವು ಆಯುರ್ವೇದದ ತ್ರಿದೋಷಗಳಲ್ಲಿ ಒಂದು. ಅದರ ಅರ್ಥವ್ಯಾಪ್ತಿ ವಿಶಾಲವಾದುದು. ಆಧುನಿಕ ಶರೀರಶಾಸ್ತ್ರದ ಪಿತ್ತರಸವಾದರೋ ಯಕೃತ್ತಿನಲ್ಲಿ ಉತ್ಪತ್ತಿಯಾಗಿ, ಪಿತ್ತಕೋಶದಲ್ಲಿ ಸಂಗ್ರಹಗೊಂಡು, ಸಣ್ಣಕರುಳಿನ ಮೊದಲ ಭಾಗವನ್ನು ಸೇರುವ ಒಂದು ದ್ರವ. ಈ ಎರಡು ಅರ್ಥಗಳನ್ನು ಬೆರೆಸದೆ, ಎರಡನೆಯದನ್ನು ಮಾತ್ರ ಗ್ರಹಿಸಿ, ಪಿತ್ತರಸಕ್ಕೂ ಜಠರದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪಿತ್ತರಸದ ಮುಖ್ಯ ಘಟಕಗಳು ಪಿತ್ತಾಮ್ಲಗಳು. ಯಕೃತ್ತು ಇವನ್ನು ಕೊಲೆಸ್ಟರಾಲ್‌ನಿಂದ ತಯಾರಿಸುತ್ತದೆ. ಸಾಬೂನು ಜಿಡ್ಡನ್ನು ಬಿಡಿಸುವಂತೆ ಇವು ಆಹಾರದ ಕೊಬ್ಬನ್ನು ಸಣ್ಣ ಕಣಗಳಾಗಿ ಒಡೆದು ಜೀರ್ಣಕ್ಕೆ ಅನುವು ಮಾಡಿಕೊಡುತ್ತವೆ. ಕರುಳಿನ ಬ್ಯಾಕ್ಟೀರಿಯಗಳು ಇವುಗಳಲ್ಲಿ ಕೆಲವನ್ನು ಮಾರ್ಪಡಿಸುವುದರಿಂದ ಡಿಆಕ್ಸಿಕೋಲಿಕ್ ಆಮ್ಲದಂತಹ ತೀಕ್ಷ್ಣ ರೂಪಗಳು ಹುಟ್ಟುತ್ತವೆ. ಪಿತ್ತಾಮ್ಲಗಳ ಕಾರ್ಯಕ್ಷೇತ್ರ ಕರುಳೇ ಹೊರತು ಜಠರವಲ್ಲ. ಜಠರ ಮತ್ತು ಕರುಳುಗಳ ನಡುವಣ ಸ್ನಾಯುದ್ವಾರವು ಸಡಿಲಗೊಂಡಾಗ, ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಲ್ಪಟ್ಟಾಗ, ಪಿತ್ತರಸ ಹಿಮ್ಮುಖವಾಗಿ ಹರಿದು ಜಠರದ ಲೋಳೆಪೊರೆಯನ್ನು ಕೆಡಿಸುತ್ತದೆ.

ಇನ್ನು ಬ್ಯಾಕ್ಟೀರಿಯದ ವಿಷಯ. ಆಮ್ಲಮಯವಾದ ಜಠರದಲ್ಲಿ ಯಾವ ಜೀವಾಣುವೂ ನೆಲೆಸಲಾರದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಕರೆಯಲ್ಪಡುವ ಸುರುಳಿಯಾಕಾರದ ಜೀವಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವು 1994ರಲ್ಲಿ ಈ ಸೋಂಕನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. 2001ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು ಸುಮಾರು ಎಂಟು ವರ್ಷಗಳ ಕಾಲ ರೋಗಿಗಳನ್ನು ಗಮನಿಸಿತು. ಸೋಂಕಿದ್ದ 1,246 ಮಂದಿಯಲ್ಲಿ 36 ಮಂದಿಗೆ ಜಠರದ ಕ್ಯಾನ್ಸರ್ ತಗುಲಿತು. ಸೋಂಕಿಲ್ಲದ 280 ಮಂದಿಯಲ್ಲಿ ಒಬ್ಬರಿಗೂ ತಗುಲಲಿಲ್ಲ.

ಈ ಅಂಕಿಗಳಿಗೆ ಇನ್ನೊಂದು ಮುಖವೂ ಉಂಟು: ಸೋಂಕಿದ್ದವರಲ್ಲಿ ನೂರಕ್ಕೆ 97 ಮಂದಿ ಆ ಅವಧಿಯಲ್ಲಿ ಪಾರಾದರು. ಹಾಗಾದರೆ ಕೆಲವರನ್ನೇ ಅಪಾಯಕ್ಕೆ ದೂಡುವ ಸಹಕಾರಣ ಯಾವುದು? ಉಪ್ಪು, ತಂಬಾಕು, ಜೀವಾಣುವಿನ ತಳಿಭೇದ ಮೊದಲಾದವುಗಳ ಜೊತೆಗೆ ಪಿತ್ತಾಮ್ಲವೂ ಇಲ್ಲಿ ಪರಿಗಣನಾರ್ಹವಾಗುತ್ತದೆ.

ಪೆಲಾಯೊ ಕೊರಿಯ ಅವರು 1975ರಿಂದ ರೂಪಿಸುತ್ತ ಬಂದ ಸಿದ್ಧಾಂತದ ಪ್ರಕಾರ ಜಠರದ ಕ್ಯಾನ್ಸರ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ದೀರ್ಘಕಾಲದ ಉರಿಯೂತ, ಬಳಿಕ ಗ್ರಂಥಿಗಳ ಕ್ಷಯ, ಅನಂತರ ಜಠರದ ಪೊರೆ ಕರುಳಿನ ಪೊರೆಯ ರೂಪ ತಾಳುವ ಪರಿವರ್ತನೆ, ಕಟ್ಟಕಡೆಗೆ ಕ್ಯಾನ್ಸರ್. ಇಂಗ್ಲೆಂಡಿನ ಲೀಡ್ಸ್ ನಗರದ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಮೂರನೆಯ ಹಂತದ ಪರಿವರ್ತನೆಗೂ ಪಿತ್ತರಸದ ಹಿಮ್ಮುಖ ಹರಿವಿಗೂ ನಂಟು ಕಂಡುಬಂದಿತು. ಜಠರದ ಕೆಳಭಾಗವನ್ನು ತೆಗೆಸಿಕೊಂಡವರಲ್ಲಿ ಹಲವು ವರ್ಷಗಳ ತರುವಾಯ ಉಳಿದ ಭಾಗದಲ್ಲಿ ಕ್ಯಾನ್ಸರ್ ತಲೆದೋರುವ ಸಂಗತಿಯೂ ಇದಕ್ಕೆ ಪೂರಕವಾಗಿದೆ.

ಆದರೂ ಸಂಬಂಧ ಸರಳವಾದುದಲ್ಲ. ಪಿತ್ತಾಮ್ಲವು ಈ ಜೀವಾಣುವಿನ ಬೆಳವಣಿಗೆಯನ್ನೇ ತಡೆಯುವುದುಂಟು. ಶತ್ರುಗಳಂತಿರುವ ಇವೆರಡು ಒಂದೇ ಹಾನಿಯಲ್ಲಿ ಕೈಗೂಡಿಸುವುದು ಹೇಗೆ? ಅಮೆರಿಕದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಉತ್ತರ ನೀಡುತ್ತದೆ. ಕಬ್ಬಿಣದ ಕೊರತೆಯಿದ್ದ ಸೋಂಕಿತ ಇಲಿಗಳಲ್ಲಿ ಡಿಆಕ್ಸಿಕೋಲಿಕ್ ಆಮ್ಲ ಹೆಚ್ಚಿತ್ತು. ಸೋಂಕಿತ ಇಲಿಗಳಿಗೆ ಆ ಆಮ್ಲವನ್ನು ಕೊಟ್ಟಾಗ ಜಠರದ ಹಾನಿ ಉಲ್ಬಣಿಸಿತು. ಜೀವಾಣುವು ತನ್ನ ‘ಕ್ಯಾಗ್ ಎ’ ಎಂಬ ವಿಷಕಾರಿ ಪ್ರೋಟೀನನ್ನು ಜೀವಕೋಶದೊಳಕ್ಕೆ ತೂರಿಸುವ ಕ್ರಿಯೆಯೂ ಈ ಆಮ್ಲದಿಂದ ಚುರುಕಾಯಿತು. ಅದೇ ಅಧ್ಯಯನ 4,16,885 ಜನರ ದಾಖಲೆಗಳನ್ನು ಪರಿಶೀಲಿಸಿ, ಪಿತ್ತಾಮ್ಲವನ್ನು ಹಿಡಿದಿಡುವ ಔಷಧಿಗಳನ್ನು ಹೆಚ್ಚು ಸೇವಿಸಿದಷ್ಟೂ ಈ ಕ್ಯಾನ್ಸರಿನ ಸಂಭವ ಕಡಿಮೆಯಾಗಿತ್ತೆಂದು ತೋರಿಸಿತು. ಇದು ಸಹಸಂಬಂಧವೇ ಹೊರತು ಸಿದ್ಧಪ್ರಮಾಣವಲ್ಲ. ಇದನ್ನು ನೆಚ್ಚಿ ಆ ಔಷಧಿಗಳನ್ನು ಸ್ವಂತ ನಿರ್ಧಾರದಿಂದ ಸೇವಿಸುವುದು ವಿವೇಕವಲ್ಲ.

ನಮ್ಮ ದೇಶಕ್ಕೆ ಈ ವಿಚಾರ ದೂರದ್ದಲ್ಲ. ಹೆಲಿಕೋಬ್ಯಾಕ್ಟರ್ ಸೋಂಕು ಭಾರತದಲ್ಲಿ ವ್ಯಾಪಕ. ಕಬ್ಬಿಣದ ಕೊರತೆಯೂ ವ್ಯಾಪಕ. ಆದರೆ ಜಠರದ ಕ್ಯಾನ್ಸರ್ ಎಲ್ಲೆಡೆ ಸಮನಾಗಿಲ್ಲ. ಮಿಜೋರಾಂನಲ್ಲಿ ಅದು ಅತ್ಯಧಿಕ. ಮುಂಬಯಿ, ದೆಹಲಿಗಳಿಗಿಂತ ಚೆನ್ನೈಯಲ್ಲಿ ಹೆಚ್ಚು. ಸೋಂಕೊಂದೇ ಈ ಅಂತರವನ್ನು ವಿವರಿಸಲಾರದು.

ಈ ಕಾರಣಗಳಲ್ಲಿ ಖಚಿತವಾಗಿ ನಿವಾರಿಸಬಹುದಾದದ್ದು ಸೋಂಕು. ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಅದನ್ನು ಪತ್ತೆಹಚ್ಚಬಹುದು. ವೈದ್ಯರು ಸೂಚಿಸಿದ ಪ್ರತಿಜೀವಕಗಳನ್ನು ಪೂರ್ಣಾವಧಿ ಸೇವಿಸಿ ಗುಣಪಡಿಸಬಹುದು. ತೂಕ ಇಳಿಯುವುದು, ಕಪ್ಪು ಮಲ, ಕಾರಣ ತಿಳಿಯದ ರಕ್ತಹೀನತೆ, ನುಂಗಲು ತೊಡಕು, ಬಿಡದ ವಾಂತಿ ಇವುಗಳನ್ನು ‘ಪಿತ್ತ ಕೆರಳಿದೆ’ ಎಂದು ಕಷಾಯಕ್ಕೋ ಆಮ್ಲಶಾಮಕ ಗುಳಿಗೆಗೋ ಒಪ್ಪಿಸಿ ಕಾಲಹರಣ ಮಾಡಬಾರದು. ಬೇಗ ಪತ್ತೆಯಾದ ಜಠರದ ಕ್ಯಾನ್ಸರಿಗೆ ಚಿಕಿತ್ಸೆಯುಂಟು. ತಡವಾದರೆ ಆ ಅವಕಾಶ ಕಿರಿದಾಗುತ್ತ ಹೋಗುತ್ತದೆ.